ಒಂದು ಗೇಣಿನ ಪೆಟ್ಟಿಗೆ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿಂದ ಆಸ್ಪತ್ರೆಗೆ ಮೂವತ್ತು ಮೈಲಿ. ನಡುವೆ ಕಾಡು, ಕಡಿದಾದ ತಿರುವುಗಳು, ಫೋನು ಹಿಡಿಯದ ಜಾಗಗಳು.

ಆಶ್ರಮದ ಗುರುಗಳು ನಿರ್ವಾಣಯ್ಯನವರು. ಎಂಬತ್ತು ದಾಟಿದ ಜೀವ. ಮಾತು ಕಡಿಮೆ, ನಗು ಜಾಸ್ತಿ.

ಅವರ ಬಳಿ ಸಿದ್ದಮಲ್ಲ ಎಂಬ ಶಿಷ್ಯನಿದ್ದ. ಹದಿನೈದು ವರ್ಷ ಲಾರಿ ಓಡಿಸಿ, ಒಂದು ದಿನ ಇದ್ದಕ್ಕಿದ್ದಂತೆ ಸ್ಟೀರಿಂಗು ಬಿಟ್ಟು ಬಂದವನು. ಯಾಕೆ ಬಿಟ್ಟೆ ಎಂದು ಗುರುಗಳು ಕೇಳಿರಲಿಲ್ಲ. ಅವನಾಗಿಯೂ ಹೇಳಿರಲಿಲ್ಲ. ಮೂರು ವರ್ಷ ತೋಟಕ್ಕೆ ನೀರು ಹಾಯಿಸಿದ, ಸೌದೆ ಒಡೆದ, ಬಂದವರಿಗೆ ಅನ್ನ ಬಡಿಸಿದ.

ಹೀಗಿರುವಾಗ ಭಕ್ತರೊಬ್ಬರು ಆಶ್ರಮಕ್ಕೆ ಹಳೆಯ ಜೀಪೊಂದನ್ನು ಕೊಟ್ಟರು.

"ಮಲ್ಲ, ಇದನ್ನು ಇನ್ನು ನೀನೇ ಓಡಿಸು" ಎಂದರು ಗುರುಗಳು.

ಸಿದ್ದಮಲ್ಲನ ಮುಖ ಕಪ್ಪಿಟ್ಟಿತು. "ಬೇರೆ ಯಾರಾದರೂ ಓಡಿಸಲಿ ಬುದ್ಧಿ."

"ಬೇರೆ ಯಾರಿಗೂ ಬರುವುದಿಲ್ಲವಲ್ಲ."

ಅವನು ಜೀಪನ್ನು ಒಂದು ಸುತ್ತು ಬಂದು, ಸೀಟಿನ ಕೆಳಗೆ ಬಗ್ಗಿ ನೋಡಿದ.

"ಹಾಗಾದರೆ ನನ್ನದೊಂದು ಮಾತು. ಗಾಡಿಯಲ್ಲಿ ಗಾಯಕ್ಕೆ ಬೇಕಾದ ಸಾಮಾನಿನ ಪೆಟ್ಟಿಗೆ ಇರಬೇಕು. ಅದಿಲ್ಲದೆ ನಾನು ಜೀಪು ಮುಟ್ಟುವುದಿಲ್ಲ."

"ಒಳ್ಳೆಯ ಮಾತು. ನೀನೇ ಜೋಡಿಸು."

ಸಿದ್ದಮಲ್ಲ ಬಸ್ಸು ಹತ್ತಿ ಪೇಟೆಗೆ ಹೋದ. ಮರುದಿನವೂ ಹೋದ. ನಾಲ್ಕನೆಯ ದಿನ ಜೀಪಿನ ಹಿಂದೆ ಒಂದು ದೊಡ್ಡ ತಗಡಿನ ಟ್ರಂಕು ಬಂದು ಕೂತಿತು. ಅದನ್ನು ಎತ್ತಿ ಇಡಲು ಇಬ್ಬರು ಬೇಕಾದರು.

ಗುರುಗಳು ಬಂದು ನೋಡಿದರು.

"ಯಾರದಪ್ಪ ಮದುವೆ?"

ಸಿದ್ದಮಲ್ಲ ನಗಲಿಲ್ಲ. ಟ್ರಂಕಿನ ಮುಚ್ಚಳ ತೆಗೆದು ತೋರಿಸಿದ. ಕೆಮ್ಮಿನ ಔಷಧಿ, ಜ್ವರದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನೋವಿನ ಎಣ್ಣೆ ಐದು ಬಗೆ, ಬಿಸಿನೀರಿನ ಚೀಲ, ಸೂಜಿಗಳು, ಒಂದು ಹಳೆಯ ಸ್ಟೆತಾಸ್ಕೋಪು ಕೂಡ.

"ಇದನ್ನು ಕಿವಿಗಿಟ್ಟು ಕೇಳಲು ನಿನಗೆ ಬರುತ್ತದೆಯೇ?"

"ಇಲ್ಲ ಬುದ್ಧಿ. ಇದ್ದರೆ ಇರಲಿ ಅಂತ."

ಗುರುಗಳು ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಬಲಗೈಯನ್ನು ಅವನ ಸೊಂಟಕ್ಕೆ ಬಿಗಿದು ಕಟ್ಟಿದರು. ಆಮೇಲೆ ಜೀಪಿನ ಮೆಟ್ಟಿಲ ಮೇಲೆ ಕೂತು ಪಂಚೆಯನ್ನು ಮೊಣಕಾಲಿಗೆ ಏರಿಸಿದರು.

"ಗಾಡಿ ಮಗುಚಿದೆ. ನಿನ್ನ ಬಲಗೈ ಮುರಿದಿದೆ. ನನ್ನ ಕಾಲು ಇಲ್ಲಿ ಕುಯ್ದು ರಕ್ತ ಹರಿಯುತ್ತಿದೆ. ಪಟ್ಟಿ ತೆಗೆ."

ಸಿದ್ದಮಲ್ಲ ಎಡಗೈಯಲ್ಲಿ ಹುಡುಕತೊಡಗಿದ. ಗುರುಗಳು ಗಟ್ಟಿಯಾಗಿ ಎಣಿಸತೊಡಗಿದರು.

ನಲವತ್ತಕ್ಕೆ ಒಂದು ಶೀಸೆ ಉರುಳಿ ಒಡೆಯಿತು. ಅರವತ್ತಕ್ಕೆ ಹತ್ತಿ ಸಿಕ್ಕಿತು. ತೊಂಬತ್ತಕ್ಕೆ ಕತ್ತರಿ ಸಿಕ್ಕಿತು. ನೂರು ದಾಟಿದರೂ ಪಟ್ಟಿ ಮಾತ್ರ ಸಿಗಲಿಲ್ಲ.

ಎಣಿಕೆ ನಿಂತಿತು. ತಿರುಗಿ ನೋಡಿದರೆ ಗುರುಗಳು ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ್ದರು.

"ಬುದ್ಧಿ?"

"ನಾನು ಸತ್ತು ಬಹಳ ಹೊತ್ತಾಯಿತು. ಮಾತಾಡಿಸಬೇಡ."

ಎದ್ದು ಮಣ್ಣು ಕೊಡವಿಕೊಂಡ ಮೇಲೆ ಅವರು ತಮ್ಮ ಕೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದು ತೋರಿಸಿದರು.

"ಒಂದು ಗೇಣು. ಇಷ್ಟರಲ್ಲಿ ಹಿಡಿಯಬೇಕು."

ಆ ಸಂಜೆ ಸಿದ್ದಮಲ್ಲ ಜಗುಲಿಯ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತ. ಒಂದನ್ನು ಬದಿಗಿಡುತ್ತಿದ್ದ. ಇದೇ ಬೇಕಾದರೆ? ಎನ್ನಿಸಿ ಮತ್ತೆ ಒಳಗಿಡುತ್ತಿದ್ದ. ಇದು? ಇದೂ ಬೇಕಾದರೆ? ದೀಪ ಹಚ್ಚುವ ಹೊತ್ತಿಗೆ ಬದಿಗಿಟ್ಟದ್ದೆಲ್ಲ ಮತ್ತೆ ಒಳಗೇ ಸೇರಿತ್ತು.

ಗುರುಗಳು ಬಂದು ಪಕ್ಕದಲ್ಲಿ ಕೂತರು.

"ಈ ಪೆಟ್ಟಿಗೆ ಯಾರಿಗೆ ಜೋಡಿಸುತ್ತಿದ್ದೀ ಮಲ್ಲ?"

"ಜಬ್ಬಾರನಿಗೆ."

ಮಾತು ಬಾಯಿಂದ ಜಾರಿದ ಮೇಲೆಯೇ ತಾನು ಏನೆಂದೆ ಎಂಬುದು ಅವನಿಗೆ ತಿಳಿದದ್ದು.

ಆಗ ಅವನು ಹೇಳಿದ.

ಜಬ್ಬಾರ್ ಅವನ ಜೊತೆಯ ಡ್ರೈವರು. ಒಂಬತ್ತು ವರ್ಷ ಒಂದೇ ಲಾರಿ, ಒಂದೇ ತಟ್ಟೆ. ಒಂದು ಮಟಮಟ ಮಧ್ಯಾಹ್ನ ಚಕ್ರ ಬದಲಿಸುವಾಗ ಜಾಕು ಜಾರಿತು. ಲಾರಿಯ ಅಂಚಿನ ತಗಡು ಜಬ್ಬಾರನ ತೊಡೆಗೆ ಇಳಿಯಿತು. ಲಾರಿಯಲ್ಲಿ ಪೆಟ್ಟಿಗೆ ಇತ್ತು. ಮೇಲೆ ಕೆಂಪು ಬಣ್ಣದ ಕೂಡಿಸುವ ಗುರುತೂ ಇತ್ತು. ಸಿದ್ದಮಲ್ಲ ಓಡಿ ಹೋಗಿ ತೆರೆದ.

"ಒಳಗೆ ಏನಿತ್ತು ಗೊತ್ತೇ ಬುದ್ಧಿ? ಆಯುಧಪೂಜೆಯಲ್ಲಿ ಉಳಿದ ಕರ್ಪೂರ. ಒಣಗಿದ ನಿಂಬೆಹಣ್ಣು. ಕುಂಕುಮದ ಪೊಟ್ಟಣ. ಅಷ್ಟೇ. ನಾನು ಆ ಪೆಟ್ಟಿಗೆ ಹಿಡಿದುಕೊಂಡು ನಿಂತೇಬಿಟ್ಟೆ. ಅವನು ನನ್ನನ್ನೇ ನೋಡುತ್ತಿದ್ದ."

ಹೊಳೆಯ ಸದ್ದು ಕೇಳುತ್ತಿತ್ತು. ಗುರುಗಳು ಹರಡಿದ್ದ ಶೀಸೆಗಳನ್ನು ಒಂದು ಕಡೆಗೆ ಸರಿಸಿದರು.

"ಜಬ್ಬಾರನಿಗೆ ಈಗ ಏನೂ ಬೇಡ. ಮುಂದೆ ದಾರಿಯಲ್ಲಿ ಸಿಗುವವನಿಗೆ ಏನು ಬೇಕು?"

"ಡಾಕ್ಟರು ಬೇಕು."

"ಡಾಕ್ಟರು ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಅವರು ಸಿಗುವ ತನಕ ಏನು ಬೇಕು?"

ಸಿದ್ದಮಲ್ಲ ಯೋಚಿಸಿದ. "ಜೀವ ಹಿಡಿದಿಡಬೇಕು."

"ಅದಕ್ಕೆ ಬೇಕಾದಷ್ಟು ಇಡು."

ಬೆಳಿಗ್ಗೆ ಅವನು ಟ್ರಂಕನ್ನು ಕೈಗಾಡಿಯಲ್ಲಿಟ್ಟು ತಳ್ಳಿಕೊಂಡು ಪಕ್ಕದ ಊರಿನ ಆರೋಗ್ಯ ಕೇಂದ್ರಕ್ಕೆ ಹೋದ. ಅಲ್ಲಿನ ನರ್ಸಮ್ಮನ ಮುಂದೆ ಕೂತು ಮಗುವಿನಂತೆ ಕೇಳಿದ. ಬಿಸಿಲಲ್ಲಿ ನಿಲ್ಲುವ ಜೀಪಿನಲ್ಲಿ ಔಷಧಿಗಳು ಕೆಡುತ್ತವೆ ಎಂದು ಆಕೆ ಶೀಸೆಗಳನ್ನೆಲ್ಲ ಬದಿಗಿಟ್ಟರು. ಗಾಯ ಒತ್ತುವುದು ಹೇಗೆ, ಪಟ್ಟಿ ಸುತ್ತುವುದು ಹೇಗೆ ಎಂದು ತೋರಿಸಿದರು. ಅವನು ಮೂರು ದಿನ ಹೋಗಿ ಕಲಿತ. ಆಶ್ರಮದ ಕಂಬಗಳಿಗೆಲ್ಲ ಪಟ್ಟಿ ಸುತ್ತಿ ಬಿಚ್ಚಿದ.

ಕೊನೆಗೆ ಒಂದು ಗೇಣಿನ ಸ್ಟೀಲು ಡಬ್ಬಿ ಸಿದ್ಧವಾಯಿತು. ಗಾಯಕ್ಕೆ ಒತ್ತಲು ಹತ್ತಿಬಟ್ಟೆಯ ದಪ್ಪ ಮಡಿಕೆಗಳು, ಅಗಲವಾದ ಪಟ್ಟಿ ಎರಡು, ಕೈ ತೂಗುಹಾಕಲು ಮೂರು ಮೂಲೆಯ ಬಟ್ಟೆ, ಕತ್ತರಿ, ಎರಡು ಜೊತೆ ಗ್ಲೌಸು, ಬೆರಳುದ್ದದ ಟಾರ್ಚು. ಸುಸ್ತಾದವರಿಗೆ ನೀರಲ್ಲಿ ಕದಡಿ ಕೊಡುವ ಉಪ್ಪು-ಸಕ್ಕರೆ ಪುಡಿ. ಮುಚ್ಚಳದ ಒಳಗೆ ಆಸ್ಪತ್ರೆಯ ನಂಬರು, ದಪ್ಪಕ್ಷರದಲ್ಲಿ.

ಗುರುಗಳು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದರು. ಮೆಚ್ಚಿಗೆಯಾಯಿತು. ಆಮೇಲೆ ಅದಕ್ಕೆ ಹಾಕಿದ್ದ ಪುಟ್ಟ ಬೀಗದ ಮೇಲೆ ಅವರ ಕಣ್ಣು ಬಿತ್ತು.

"ಇದು ಯಾಕೆ?"

"ಆಶ್ರಮಕ್ಕೆ ನೂರು ಜನ ಬರುತ್ತಾರೆ. ಯಾರಾದರೂ ಕತ್ತರಿ ತೆಗೆದುಕೊಂಡು ಹೋದರೆ?"

"ಬೀಗದ ಕೈ ಎಲ್ಲಿದೆ?"

ಸಿದ್ದಮಲ್ಲ ಸೊಂಟದಿಂದ ಬಿಚ್ಚಿ ಕೊಟ್ಟ. ಗುರುಗಳು ಅದನ್ನು ಹೊಳೆಯ ನಡುವಿಗೆ ಎಸೆದರು.

"ಈಗ ತೆಗೆ."

ಅವನು ಕಲ್ಲು ತಂದು ಬೀಗ ಒಡೆಯತೊಡಗಿದ. ಒಡೆಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಆಮೇಲೆ ಆ ಡಬ್ಬಿಗೆ ಬೀಗ ಬೀಳಲಿಲ್ಲ. ಅದು ಡ್ರೈವರ್ ಸೀಟಿನ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಕೂತಿತು. ಸಿದ್ದಮಲ್ಲ ಜೀಪು ಓಡಿಸತೊಡಗಿದ.

ಎರಡು ತಿಂಗಳು ಡಬ್ಬಿಗೆ ಕೆಲಸ ಬೀಳಲಿಲ್ಲ.

ಒಂದು ಬೆಳಿಗ್ಗೆ ಅವನು ಅಕ್ಕಿ ತರಲು ಪೇಟೆಗೆ ಹೊರಟಿದ್ದ. ಕಾಡಿನ ತಿರುವು ದಾಟುತ್ತಲೇ ರಸ್ತೆ ತುಂಬ ಬೆಳ್ಳಗೆ ಏನೋ ಚೆಲ್ಲಿತ್ತು. ರೇಷ್ಮೆಗೂಡು. ಸರಕಿನ ಆಟೋ ಒಂದು ಚರಂಡಿಗೆ ಮಗುಚಿ ಬಿದ್ದಿತ್ತು.

ಮಾರುಕಟ್ಟೆಗೆ ಗೂಡು ಒಯ್ಯುತ್ತಿದ್ದ ಗಂಡ ಹೆಂಡತಿ. ಗಂಡನಿಗೆ ತರಚು ಗಾಯ. ಹೆಂಡತಿಯ ಮೊಣಕೈ ಕೆಳಗೆ ಗಾಜು ಸೀಳಿ ರಕ್ತ ಚಿಮ್ಮುತ್ತಿತ್ತು.

"ಅಯ್ಯೋ ಸಾಮಿ, ನಿಲ್ತಾನೇ ಇಲ್ಲ!" ಎಂದು ಗಂಡ ಕೂಗಿದ. ಹೆಸರು ಮಾದಶೆಟ್ಟಿ. ಗಾಯಕ್ಕೆ ಮೆತ್ತಲು ಅವನ ಕೈಯಲ್ಲಿ ಹೊಗೆಸೊಪ್ಪಿನ ಪುಡಿ ಹಿಡಿಯಷ್ಟಿತ್ತು.

"ಅದನ್ನು ಹಾಕಬೇಡ!"

ಸಿದ್ದಮಲ್ಲ ಡಬ್ಬಿ ಹಿಡಿದು ಓಡಿದ. ಓಡಿದವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಗೇ ಉಳಿದುಬಿಟ್ಟ. ಅವಳು ಅವನನ್ನೇ ನೋಡುತ್ತಿದ್ದಳು. ಜಬ್ಬಾರ್ ನೋಡಿದ ಹಾಗೆ. ಒಂದು ಉಸಿರು, ಎರಡು ಉಸಿರು ಅವನ ಕೈ ಏಳಲಿಲ್ಲ.

"ಅಣ್ಣಾ" ಎಂದಳು ಅವಳು.

ಆಗ ಮುಚ್ಚಳ ತೆರೆಯಿತು.

ಗ್ಲೌಸು ಹಾಕಿದ. ಅವಳನ್ನು ಮಲಗಿಸಿ ಕೈ ಮೇಲೆತ್ತಿಸಿದ. ಹತ್ತಿಬಟ್ಟೆಯ ಮಡಿಕೆ ಇಟ್ಟು ಎರಡೂ ಅಂಗೈಯಿಂದ ಒತ್ತಿದ. ಅದು ಕೆಂಪಾಯಿತು. ತೆಗೆಯಲಿಲ್ಲ. ಅದರ ಮೇಲೆಯೇ ಇನ್ನೊಂದು ಇಟ್ಟು ಒತ್ತಿದ. ಮೂರನೆಯದರ ಹೊತ್ತಿಗೆ ಚಿಮ್ಮುವುದು ನಿಂತು ಜಿನುಗತೊಡಗಿತು. ಬಿಗಿಯಾಗಿ ಪಟ್ಟಿ ಸುತ್ತಿದ.

"ನಿನ್ನ ಹೆಸರೇನಮ್ಮ?"

"ದೊಡ್ತಾಯಮ್ಮ."

"ದೊಡ್ತಾಯಮ್ಮ, ಆಸ್ಪತ್ರೆಗೆ ಹೋಗೋಣ. ನಿದ್ದೆ ಮಾಡಬೇಡ, ಮಾತಾಡುತ್ತಿರು."

ಜೀಪಿಗೆ ಹತ್ತಿಸಿದ ಮೇಲೆ ತಿಳಿಯಿತು: ತಾನು ಗಾಡಿ ಓಡಿಸಬೇಕು. ಒತ್ತಿ ಹಿಡಿಯುವವರು ಯಾರು?

ಮಾದಶೆಟ್ಟಿ ಹಿಂದೆ ಸರಿದ. "ನಂಗೆ ರಕ್ತ ನೋಡಕ್ಕಾಗಲ್ಲ ಸಾಮಿ. ತಲೆ ತಿರುಗ್ತದೆ."

ಸಿದ್ದಮಲ್ಲ ಅವನ ಎರಡೂ ಕೈ ಹಿಡಿದು ಪಟ್ಟಿಯ ಮೇಲೆ ಇಟ್ಟ.

"ರಕ್ತ ನೋಡಬೇಡ. ಅವಳ ಮುಖ ನೋಡು. ಕೈ ಮಾತ್ರ ಬಿಡಬೇಡ."

ಹನ್ನೆರಡು ಮೈಲಿ. ಹಿಂದಿನ ಸೀಟಿನಲ್ಲಿ ಮಾದಶೆಟ್ಟಿ ಹೆಂಡತಿಯ ಮುಖ ನೋಡುತ್ತ ಒಂದೇ ಸಮನೆ ಮಾತಾಡುತ್ತಿದ್ದ. ಮನೆಯ ಹಸುವಿನ ಬಗ್ಗೆ, ಈ ಸಲದ ಗೂಡಿನ ಬಗ್ಗೆ, ಎಂದೋ ಆಡಿದ ಜಗಳದ ಬಗ್ಗೆ. ಅವಳು ನಡುನಡುವೆ "ಸುಳ್ಳು ಯೋಳ್ಬೇಡ" ಎನ್ನುತ್ತಿದ್ದಳು. ಪ್ರತಿ ಸಲ ಆ ದನಿ ಕೇಳಿದಾಗಲೂ ಸಿದ್ದಮಲ್ಲನಿಗೆ ಮುಂದಿನ ಒಂದು ತಿರುವಿಗೆ ಧೈರ್ಯ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಹೊಲಿಗೆ ಹಾಕಿದರು. ಹೊರಗೆ ಬಂದು, "ಜೀವಕ್ಕೆ ಭಯವಿಲ್ಲ. ಇದನ್ನು ಕಟ್ಟಿದವರು ಯಾರು?" ಎಂದು ಕೇಳಿದರು.

ಸಿದ್ದಮಲ್ಲ ಅಲ್ಲಿರಲಿಲ್ಲ. ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಜಬ್ಬಾರನಿಗಾಗಿ ಅಳುತ್ತಿದ್ದ. ಮೂರು ವರ್ಷದಲ್ಲಿ ಅದೇ ಮೊದಲು.

ಆಶ್ರಮಕ್ಕೆ ಬಂದಾಗ ಸಂಜೆಯಾಗಿತ್ತು. ನಡೆದದ್ದನ್ನೆಲ್ಲ ಗುರುಗಳಿಗೆ ಹೇಳಿದ. ಅವರು ಕೊನೆಯ ತನಕ ಕೇಳಿದರು.

"ಡಬ್ಬಿಯಲ್ಲಿ ಏನು ಉಳಿದಿದೆ?"

"ಕತ್ತರಿ, ಟಾರ್ಚು, ಉಪ್ಪು-ಸಕ್ಕರೆ ಪುಡಿ, ಒಂದು ಜೊತೆ ಗ್ಲೌಸು. ಒತ್ತುವ ಬಟ್ಟೆ ಒಂದೂ ಇಲ್ಲ."

"ನಾಳೆ ಬೆಳಿಗ್ಗೆ ಜೀಪು ಬಿಟ್ಟು ಮೊದಲ ಬಸ್ಸಿಗೇ ಹೋಗಿ ತಾ. ಪೂಜೆ ಆಮೇಲೆ ಮಾಡಿದರಾಯಿತು."

ಹದಿನೈದು ದಿನ ಕಳೆಯಿತು. ಒಂದು ಭಾನುವಾರ ಮಾದಶೆಟ್ಟಿ ಆಶ್ರಮಕ್ಕೆ ಬಂದ. ಒಬ್ಬನೇ ಬರಲಿಲ್ಲ. ಜೊತೆಗೆ ಹನ್ನೊಂದು ಜನ. ಆಟೋದವರು, ಟ್ರ್ಯಾಕ್ಟರಿನವರು, ಶಾಲೆಯ ವ್ಯಾನು ಓಡಿಸುವವನು. ಒಬ್ಬನ ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಇನ್ನೊಬ್ಬನ ಕೈಯಲ್ಲಿ ಊಟದ ಕ್ಯಾರಿಯರು, ಮತ್ತೊಬ್ಬ ಹೆಂಡತಿಯ ಬಳೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದಿದ್ದ.

"ನಮ್ಗೂ ಕಲ್ಸಿಕೊಡಿ ಸಾಮಿ. ಏನೇನ್ ಇಡ್ಬೇಕು, ಯೆಂಗ್ ಕಟ್ಬೇಕು" ಎಂದ ಮಾದಶೆಟ್ಟಿ.

ಸಿದ್ದಮಲ್ಲ ಗಾಬರಿಯಿಂದ ಗುರುಗಳ ಕೋಣೆಗೆ ಓಡಿದ.

"ನಾನು ಬರೀ ಡ್ರೈವರು ಬುದ್ಧಿ. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಗೊತ್ತಿಲ್ಲ. ತಾವೇ ಬಂದು ಎರಡು ಮಾತು ಹೇಳಬೇಕು."

"ನನಗೆ ಪಟ್ಟಿ ಸುತ್ತಲು ಬರುವುದಿಲ್ಲ" ಎಂದು ಗುರುಗಳು ಕಣ್ಣು ಮುಚ್ಚಿ ಜಪಕ್ಕೆ ಕೂತರು.

ವಿಧಿಯಿಲ್ಲದೆ ಅವನು ಹೊರಗೆ ಬಂದ. ಹೊಂಗೆ ಮರದ ಕೆಳಗೆ ಚಾಪೆ ಹಾಸಿತ್ತು. ಎಲ್ಲರೂ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಅವನು ತನ್ನ ಡಬ್ಬಿಯನ್ನು ಚಾಪೆಯ ಮೇಲಿಟ್ಟ.

"ಮೊದಲು..." ಎಂದ. ದನಿ ಮುಂದಿನ ಸಾಲಿಗೂ ತಲುಪಲಿಲ್ಲ. "ಮೊದಲು, ಗಾಯದ ಮೇಲೆ ಒತ್ತಿ ಹಿಡಿಯಬೇಕು."

ಆಗ ಬಾಗಿಲು ಸದ್ದಾಯಿತು. ನಿರ್ವಾಣಯ್ಯನವರು ಕೋಲೂರಿಕೊಂಡು ಮೆಲ್ಲಗೆ ಬಂದರು. ಮೆಟ್ಟುಗಳನ್ನು ಚಾಪೆಯ ಆಚೆ ಬಿಟ್ಟರು. ಎದ್ದು ನಿಲ್ಲಹೊರಟವರನ್ನು ಕೈಸನ್ನೆಯಿಂದ ಕೂರಿಸಿ, ಎಲ್ಲರ ಹಿಂದೆ, ವ್ಯಾನಿನವನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಆಮೇಲೆ ಕೈ ಎತ್ತಿದರು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಮೇಷ್ಟ್ರೇ, ಹಿಂದೆ ಕೂತವರಿಗೂ ಕೇಳಿಸಬೇಕು."