ಟಿಣ್ ಎಂದ ಏರ್ ಫ್ರೈಯರ್

ಅಡುಗೆಮನೆಗೆ ಹೊಸದಾಗಿ ಬಂದ ಏರ್ ಫ್ರೈಯರ್‌ಗೆ ಒಂದೇ ಭಯ: ಮೊದಲ ಅಡುಗೆ ಕೆಟ್ಟರೆ ಹಳೆಯ ಓವನ್‌ನಂತೆ ತನಗೂ ಅಟ್ಟವೇ ಗತಿ. ಹಾಗಾಗಿ ಕೋಳಿಯ ಎದೆಮಾಂಸ ಮೇಲೆ ಕೆಂಪಗಾದದ್ದೇ ತಡ, ‘ಟಿಣ್’ ಎಂದು ಸಾರಿತು: “ಬೆಂದಿದೆ, ಬಡಿಸಿ!”

“ಒಳಗೆ ನೋಡಿದೆಯೇನಪ್ಪ?” ಎಂದಿತು ಶಾಖ ಅಳೆಯುವ ಕಡ್ಡಿ.

“ನಿನಗೆ ಚುಚ್ಚುವುದೊಂದೇ ಗೊತ್ತು!”

ಕಡ್ಡಿ ಮಾಂಸದ ದಪ್ಪ ಭಾಗಕ್ಕೇ ಇಳಿಯಿತು. “ಎಪ್ಪತ್ತನಾಲ್ಕು ಡಿಗ್ರಿ ಇರಬೇಕಾದಲ್ಲಿ ಐವತ್ತೂ ಇಲ್ಲ. ತಿಂದವರು ಆಸ್ಪತ್ರೆ ಸೇರುತ್ತಾರೆ. ನೀನು ಹೇಳಿದ್ದು ಹಸಿ ಸುಳ್ಳು.”

ಅಟ್ಟದ ಮೇಲಿನ ಹಳೆಯ ಓವನ್ ಕಿಸಕ್ಕನೆ ನಕ್ಕಿತು: “ಬಾ ತಮ್ಮಾ, ನನ್ನ ಪಕ್ಕ ಜಾಗವಿದೆ.”

ಏರ್ ಫ್ರೈಯರ್ ಮತ್ತೆ ಬಿಸಿಯಾಯಿತು. ಈ ಸಲ ‘ಟಿಣ್’ ಎನ್ನುವ ಮೊದಲು ಮೆಲ್ಲಗೆ ಕೇಳಿತು:

“ಕಡ್ಡಿಯಣ್ಣ, ಒಂದು ಸಲ ಚುಚ್ಚುತ್ತೀಯಾ?”