ದೊರೆಯ ಹಾಡಿನೊಳಗಿನ ಹುಳ

ಕಾರೆಕಾಡು ಅಂತ ಒಂದು ರಾಜ್ಯ. ಅದಕ್ಕೊಬ್ಬ ಕರಡಿ ದೊರೆ. ಅಲ್ಲಿದ್ದದ್ದು ಒಂದೇ ಕೆರೆ. ಆ ಕೆರೆಯ ತೂಬು ತೆಗೆಯೋದು, ಮುಚ್ಚೋದು ಎಲ್ಲ ಕಂಪ್ಯೂಟರೇ. ಯಾಕ್ರೋ ನಗ್ತೀರಾ? ಊರಿಗೆ ಬಂದದ್ದು ಕಾಡಿಗೆ ಬರಬಾರದೇನು? ಸುಮ್ನೆ ಕೇಳಿ. ಆ ಕಂಪ್ಯೂಟರಿನ ಕಾವಲಿಗೆ ಬೆಳ್ಳಕ್ಕ ಅನ್ನೋ ಮೊಲ ಇದ್ದಳು.

ಒಂದು ದಿನ ಕಂಪ್ಯೂಟರಿಗೆ ಒಂದು ಹಾಡು ಬಂತು. ಕಳಿಸಿದವರ ಹೆಸರಿಲ್ಲ. "ನಮ್ಮ ದೊರೆಯ ಚೆಲುವು" ಅಂತ ಮಾತ್ರ ಇತ್ತು.

"ತೆಗೀಬೇಡಿ ದೊರೆ, ಯಾರು ಕಳಿಸಿದ್ದೋ ಏನೋ," ಅಂದಳು ಬೆಳ್ಳಕ್ಕ.

"ಹೋಗೇ! ಹೊಗಳೋರಿಗೂ ಕಾವಲೇ?" ಅಂತ ದೊರೆ ತಾನೇ ಒತ್ತಿಬಿಟ್ಟ. ಹಾಡು ಕೇಳಿ ಕುಣಿದದ್ದೇ ಕುಣಿದದ್ದು.

ಮಾರನೇ ದಿನ ತೂಬು ತಾನಾಗೇ ಮುಚ್ಚಿಕೊಂಡಿತು. ಕೆಳಗಿನ ಹಳ್ಳ ಒಣಗಿತು. ಯಾರೂ ಕರೆಯೋ ಮೊದಲೇ ನರಿ ಬಂದ. "ನಾನಿದ್ದೀನಲ್ಲ ದೊರೆ," ಅಂತ ಏನೋ ಒತ್ತಿ ತೂಬು ತೆಗೆದ. ಇನ್ನೊಂದು ಸಲ ಮುಚ್ಚಿತು. ಕರೆಯದೇ ನರಿ ಬಂದ, ತೆಗೆದ. ಮೂರನೇ ಸಲ ಮುಚ್ಚಿತು. ಬಂದನಲ್ಲ ಮಹಾರಾಯ! ತೆಗೆದು, "ಕಾವಲು ಸರಿಯಿಲ್ಲ ದೊರೆ. ನನಗೆ ಕೊಟ್ಟು ನೋಡಿ," ಅಂದ.

ದೊರೆ ಬೆಳ್ಳಕ್ಕನಿಗೆ, "ನಾಳೆ ಸಂಜೆಯೊಳಗೆ ಮರಿಗಳನ್ನ ಕಟ್ಟಿಕೊಂಡು ಕಾಡು ಬಿಡು," ಅಂದ. ಪಾಪ, ಇನ್ನೂ ಹಾಲು ಬಿಡದ ಮರಿಗಳು. ಎಲ್ಲಿಗೆ ಹೋದಾಳು?

ಅತ್ತಳು. ಅತ್ತು ಮುಗಿಸಿ ಯೋಚಿಸಿದಳು. ಈ ಪೀಡೆ ಶುರುವಾದದ್ದು ಆ ಹಾಡು ಬಂದ ಮೇಲೆ ತಾನೇ? ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಕೆರೆಗೂ ಅದಕ್ಕೂ ನಂಟಿಲ್ಲ, ಕೆಟ್ಟರೆ ಅದೊಂದೇ ಕೆಡಬೇಕು. ಅದರಲ್ಲಿ ಹಾಡು ಹಾಕಿ ನೋಡುತ್ತಾ ಕೂತಳು. ಹಾಡಿನ ಹೊಟ್ಟೆಯಿಂದ ಒಂದು ಕಳ್ಳ ಹುಳ ಹೊರಟಿತು. ಕಂಪ್ಯೂಟರಿನಲ್ಲಿ ಬರೆದದ್ದನ್ನೆಲ್ಲ ಓದಿ ಓದಿ ಹೊರಗೆ ಯಾರಿಗೋ ದಾಟಿಸುತ್ತಿತ್ತು.

"ಓಹೋ, ಹಿಂಗೋ ಸಮಾಚಾರ!" ಅಂದುಕೊಂಡು ಬೆಳ್ಳಕ್ಕ ಅದರಲ್ಲೇ ಬರೆದಳು: "ದೊರೆಯ ಊಟಕ್ಕೆ ಕೊಬ್ಬಿದ ಕೋಳಿ ಹುಣಸೇಮರದ ಪೊಟರೆಯಲ್ಲಿದೆ." ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ದೊರೆಯನ್ನು ಆ ಮರದ ಹತ್ತಿರ ಕರೆದುಕೊಂಡು ಹೋದಳು.

ಪೊಟರೆಯ ಹೊರಗೆ ಒಂದು ಬಾಲ ಆಡುತ್ತಿತ್ತು.

"ಇಲ್ಲೇನೋ ನಿನಗೆ ಕೆಲಸ?" ದೊರೆ ಗದರಿದ.

ನರಿ ತಲೆ ಹೊರಗೆ ಹಾಕಿ, "ಕೋಳಿ ವಾಸನೆ ಬಂತು ದೊರೆ," ಅಂದ.

"ಇಲ್ಲದ ಕೋಳಿಗೆ ವಾಸನೆ ಎಲ್ಲಿಂದ ಬಂತು ನರಿಯಣ್ಣ?" ಅಂದಳು ಬೆಳ್ಳಕ್ಕ. "ಆ ಕೋಳಿ ಇದ್ದದ್ದು ನಾನು ಬರೆದ ಮಾತಿನಲ್ಲಿ. ಓದಿದ್ದು ನಿನ್ನ ಹುಳ ಒಂದೇ. ತೂಬು ಮುಚ್ಚಿಸಿದ್ದೂ ಅದರ ಕೈಲೇ ಅಲ್ಲವೇ?"

ಆ ಸಂಜೆ ಕಾಡು ಬಿಟ್ಟವನು ನರಿಯೇ. ದೊರೆ ತಲೆ ತಗ್ಗಿಸಿ, "ಬಾಗಿಲು ತೆಗೆದವನು ನಾನು, ಬೈಸಿಕೊಂಡವಳು ನೀನು. ತಪ್ಪಾಯ್ತು ಕಣವ್ವ," ಅಂದ. ಬೆಳ್ಳಕ್ಕ ಹುಳವನ್ನು ಕಿತ್ತು ಹಾಕಿದಳು. ಹಳ್ಳದ ನೀರು ಮತ್ತೆಂದೂ ನಿಲ್ಲಲಿಲ್ಲ.

ಅದಕ್ಕೇ ಮಕ್ಕಳೇ, ಹೊಗಳುತ್ತಾ ಬಂದವನ ಗಂಟನ್ನು ಹೊಸ್ತಿಲ ಆಚೆಯೇ ಬಿಚ್ಚಿ ನೋಡಿ. ಬೇಡ ಅಂದ ಕಾವಲಿನವಳ ಮೇಲೆ ಮಾತ್ರ ರೇಗಬೇಡಿ.