ಮಿಕ್ಕ ಹಾಲು ಯಾರ ಮನೆಗೆ?

ತಾಲೂಕಿನಲ್ಲಿ ಅತಿ ಹೆಚ್ಚು ಹಾಲು ಕೊಡುವ ಹಸುವಿನ ಬಹುಮಾನ ತಮ್ಮ ಕೊಟ್ಟಿಗೆಗೇ ಬರಬೇಕೆಂದು ಹಾಲಿನ ಸೊಸೈಟಿ ಅಧ್ಯಕ್ಷ ಚಿಕ್ಕಬೋರೇಗೌಡರು ಹಟ ಹಿಡಿದಿದ್ದರು. ಮನೆಮನೆಗೆ ಹೋಗಿ ಹಾಲು ಅಳೆದು ಬರೆದುಕೊಳ್ಳುವ ಕೆಲಸ ಕೆಂಪಾಜಮ್ಮನದು. ಗೌಡರ ಹಸು ಎರಡು ಹೊತ್ತೂ ಸೇರಿ ಹತ್ತು ಲೀಟರ್ ಕೊಟ್ಟಿತು.

"ಇಪ್ಪತ್ತು ಅಂತ ಬರ್ಕೊ," ಅಂದರು ಗೌಡರು, ಮೀಸೆ ತೀಡುತ್ತಾ. "ಇಲ್ಲಾಂದ್ರೆ ನಾಳೆಯಿಂದ ಈ ಕೆಲಸಕ್ಕೆ ಬೇರೆಯವರು ಬರ್ತಾರೆ."

ಕೆಂಪಾಜಮ್ಮ ಬರೆಯಲು ಹೋದವಳು ಪೆನ್ನು ತಡೆದಳು. ಸುಳ್ಳು ಬರೆದರೆ ಇಷ್ಟು ವರ್ಷ ಉಳಿಸಿಕೊಂಡ ಹೆಸರು ಹೋಗುತ್ತದೆ, ಬರೆಯದಿದ್ದರೆ ಅನ್ನ ಹೋಗುತ್ತದೆ. ಅಷ್ಟರಲ್ಲಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಗೌಡರ ಹೆಂಡತಿ ದೊಡ್ಡತಾಯಮ್ಮ ಕಣ್ಣಿಗೆ ಬಿದ್ದರು.

"ಆಗಲಿ ಗೌಡ್ರೇ," ಅಂದವಳೇ ಜಗಲಿಯತ್ತ ತಿರುಗಿ ದನಿ ಎತ್ತರಿಸಿದಳು. "ಅಮ್ಮಾವ್ರೇ, ನಿಮ್ಮ ಹಸು ದಿನಕ್ಕೆ ಇಪ್ಪತ್ತು ಲೀಟರ್ ಕೊಡ್ತದಂತೆ. ಡೈರಿಗೂ ನಿಮ್ಮ ಅಡಿಗೆಮನೆಗೂ ಸೇರಿ ಬರೋದು ಹತ್ತೇ ಅಲ್ವಾ? ಮಿಕ್ಕ ಹತ್ತು ಯಾರ ಮನೆಗೆ ಹೋಗ್ತದೆ ಅಂತ ನಿಮಗೇನಾದ್ರೂ ಗೊತ್ತಾ?"

ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಯಿತು. ದೊಡ್ಡತಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. ದನಿ ಮಾತ್ರ ತಣ್ಣಗಿತ್ತು.

"ಏನೂಂದ್ರೆ, ಯಾರ ಮನೆಗೆ?"

ಗೌಡರು ಮೀಸೆಯಿಂದ ಕೈ ತೆಗೆದರು. "ಯಾರ ಮನೆಗೂ ಇಲ್ಲ ಕಣೇ! ಹಸು ಕೊಡೋದೇ ಹತ್ತು!"

"ಈಗ ತಾನೇ ಇಪ್ಪತ್ತು ಅಂದ್ರಲ್ಲ?"

ಗೌಡರು ಕೆಂಪಾಜಮ್ಮನತ್ತ ತಿರುಗಿದರು. ಕೈ ಮುಗಿಯುವುದೊಂದು ಬಾಕಿ.

"ತಾಯೀ, ಹತ್ತು ಅಂತ್ಲೇ ಬರಿ. ಬರೆದಿದ್ದನ್ನ ಇವಳಿಗೆ ಓದಿ ಹೇಳು. ಸ್ವಲ್ಪ ಜೋರಾಗೇ ಓದು!"